ಕಳ್ಳಿಯ ಕುಲಮೂಲ

ಕನ್ನಡದಲ್ಲಿ 'ಕಳ್ಳಿ' ಎಂಬ ಒಂದೇ ಮಾತಿನ ಆಸರೆಯಲ್ಲಿ, ಹುಟ್ಟಿನಿಂದ ಒಂದಕ್ಕೊಂದು ಹತ್ತಿರದ ನಂಟೇ ಇಲ್ಲದ ಹಲವು ಗಿಡಗಳು ಸೇರಿಕೊಂಡಿವೆ. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಕಾಗಲ್ ದಾಟಿ ಕರ್ನಾಟಕದೊಳಗೆ ಕಾಲಿಟ್ಟೊಡನೆ ಸಿಗುವ ಕೊಗನೊಳ್ಳಿಯಂಥ ಗಡಿ ಊರುಗಳಲ್ಲಿ, ಹೊಲದ ಒಡ್ಡಿಗೆ ಬೇಲಿಯಾಗಿ ನಿಂತ ಕೊಂಬುಕಳ್ಳಿಯೂ ಕಳ್ಳಿಯೇ, ಮಡ್ಡಿಯ ಕಲ್ಲುಸಂದಿಯಲ್ಲಿ ಬೇರೂರುವ ಎಲೆಗಳ್ಳಿಯೂ ಕಳ್ಳಿಯೇ, ಹಾಳುಗೋಡೆಯ ಮಗ್ಗುಲಲ್ಲಿ ಹಬ್ಬುವ ಪಾಪಾಸುಕಳ್ಳಿಯೂ ಕಳ್ಳಿಯೇ. ಅದೇ ಊರುಗಳಲ್ಲಿ ಮರಾಠಿ ಆಡುವವರು ಕೊಂಬುಕಳ್ಳಿಗೆ 'ಶೇರ' ಎಂಬ ಬೇರೆ ಹೆಸರಿಟ್ಟಿದ್ದರೂ, ಮುಳ್ಳಿರುವ ಉಳಿದವುಗಳನ್ನು 'ನಿವಡುಂಗ' ಎಂಬ ಒಂದೇ ಮಾತಿನಲ್ಲಿ ಕರೆಯುತ್ತಾರೆ. ಎರಡು ಭಾಷೆಗಳೂ ಹೀಗೆ ಒಂದೇ ಬಗೆಯಲ್ಲಿ ಯೋಚಿಸಿರುವುದು ಆಕಸ್ಮಿಕವಲ್ಲ. ದಪ್ಪ ಕಾಂಡ, ಒಳಗೆ ತುಂಬಿದ ನೀರು, ಎಲೆ ಕಡಿಮೆ, ದನ ಬಾಯಿ ಹಾಕದ ಮೈ, ಮಳೆ ಕೈಕೊಟ್ಟ ವರ್ಷವೂ ಹಸಿರಾಗಿರುವ ಛಲ, ಇವೆಲ್ಲ ಆ ಗಿಡಗಳ ನಡವಳಿಕೆ. ಜನ ಹೆಸರಿಟ್ಟದ್ದು ಈ ನಡವಳಿಕೆಗೆ. ಸಸ್ಯವಿಜ್ಞಾನ ಕೇಳುವುದು ಇನ್ನೊಂದು ಪ್ರಶ್ನೆಯನ್ನು: ಇವುಗಳ ಹೆತ್ತವರು ಯಾರು, ಯಾವ ಬಳಗದಿಂದ ಬಂದವು, ಯಾವಾಗ ಕವಲೊಡೆದವು? ಒಡಲಲ್ಲಿ ನೀರು ಕೂಡಿಟ್ಟುಕೊಳ್ಳುವ ಇಂಥ ಗಿಡಗಳನ್ನು ಒಟ್ಟಾಗಿ 'ರಸಭರಿತ ಸಸ್ಯ'ಗಳೆಂದು ಕರೆಯುವ ರೂಢಿಯಿದ್ದು, ಕಳೆದ ಎರಡು ದಶಕಗಳಲ್ಲಿ ತಳಿವಿಜ್ಞಾನ ಅವುಗಳ ವಂಶಾವಳಿಯನ್ನು ಬಹುಮಟ್ಟಿಗೆ ಹೊಸದಾಗಿಯೇ ಬರೆದಿದೆ.

ಕೊಂಬುಕಳ್ಳಿಯ ಪೆನ್ಸಿಲ್ ಗಾತ್ರದ ಒಂದು ಟೊಂಗೆಯನ್ನು ಮುರಿದರೆ, ಮುರಿದ ಬಾಯಿಂದ ಅರೆಕ್ಷಣದಲ್ಲಿ ಬಿಳಿ ಹಾಲು ಒಸರುತ್ತದೆ. ಅದು ಕಣ್ಣಿಗೆ ತಾಗಿದರೆ ದೃಷ್ಟಿಗೇ ಅಪಾಯವೆಂಬುದು ಬೇಲಿ ಕಡಿಯುವ ಪ್ರತಿಯೊಬ್ಬ ರೈತನಿಗೂ ಗೊತ್ತು. ಪಾಪಾಸುಕಳ್ಳಿಯ ಹಸ್ತದಂಥ ಪಟ್ಟಿಯನ್ನು ಕುಯ್ದರೆ ಹಾಲಿನ ಸುಳಿವೂ ಇರುವುದಿಲ್ಲ, ಬರುವುದು ಬಣ್ಣವಿಲ್ಲದ ಲೋಳೆ. ಮುಳ್ಳುಗಳನ್ನು ನೋಡಿದರೂ ಭೇದ ಎದ್ದು ಕಾಣುತ್ತದೆ: ಎಲೆಗಳ್ಳಿಯ ಮುಳ್ಳುಗಳು ಕಾಂಡದ ಏಣಿನ ಮೇಲೆ ಜೋಡಿಜೋಡಿಯಾಗಿ ಮೂಡಿದರೆ, ಪಾಪಾಸುಕಳ್ಳಿಯ ಮುಳ್ಳುಗಳು ಚುಕ್ಕೆಯಂಥ ಮೆತ್ತನೆಯ ದಿಂಬುಗಳಿಂದ ಗುಂಪಾಗಿ ಹೊರಡುತ್ತವೆ, ಅವುಗಳ ಬುಡದಲ್ಲಿ ಬರಿಗಣ್ಣಿಗೆ ಧೂಳಿನಂತೆ ಕಾಣುವ ಸಣ್ಣ ಸುಂಕುಮುಳ್ಳುಗಳೂ ಇರುತ್ತವೆ. ಹಣ್ಣು ಕಿತ್ತು ತಿನ್ನಲು ಹೋದ ಮಕ್ಕಳ ಬೆರಳಿಗೆ ಅಂಟಿ ದಿನವಿಡೀ ಕಾಡುವುದು ಆ ಸುಂಕೇ. ದಿಂಬಿನಂಥ ಈ ಅಂಗ ಜಗತ್ತಿನ ಕಳ್ಳಿಗಳಲ್ಲೆಲ್ಲ, ಪಾಪಾಸುಕಳ್ಳಿ ಸೇರಿದ ಕ್ಯಾಕ್ಟಸ್ ಕುಟುಂಬಕ್ಕೆ ಮಾತ್ರ ಇದೆ.

ಕ್ಯಾಕ್ಟಸ್ ಕುಟುಂಬದ ತವರು ಅಮೆರಿಕ ಖಂಡಗಳು. ಆಫ್ರಿಕ, ಮಡಗಾಸ್ಕರ್ ಹಾಗೂ ಶ್ರೀಲಂಕಾಗಳಲ್ಲಿಯೂ ತಾನಾಗಿ ಬೆಳೆಯುವ, ಮರದ ಮೇಲೆ ಜೋತಾಡುವ ಒಂದೇ ಒಂದು ಪ್ರಭೇದವನ್ನು ಬಿಟ್ಟರೆ, ಹಳೆಯ ಜಗತ್ತಿನಲ್ಲಿ ಕಾಣುವ ಕ್ಯಾಕ್ಟಸ್‌ಗಳೆಲ್ಲ ಮನುಷ್ಯನ ಕೈಯಲ್ಲಿ ಸಾಗರ ದಾಟಿ ಬಂದವು. ಹಾಲು ಸುರಿಸುವ ಕಳ್ಳಿಗಳು ಯೂಫೋರ್ಬಿಯಾ ಎಂಬ ಕುಲಕ್ಕೆ ಸೇರಿದವು, ಹರಳುಗಿಡದ ಮತ್ತು ನೆಲ್ಲಿಯ ದೂರದ ಬಂಧುಗಳು. ಕ್ಯಾಕ್ಟಸ್‌ಗಳೋ ರಾಜಗಿರಿ, ಗೋಣಿಸೊಪ್ಪಿನ ಕಡೆಯ ಬಳಗದವು. ಈ ಎರಡು ಬಳಗಗಳ ಪೂರ್ವಜರು ಅಗಲಿ ಹತ್ತು ಕೋಟಿ ವರ್ಷಗಳಿಗೂ ಹೆಚ್ಚಾಯಿತೆಂದು ಡಿಎನ್‌ಎ ಹೋಲಿಕೆಗಳು ತೋರಿಸುತ್ತವೆ. ಒಂದೇ ಬಗೆಯ ಕಷ್ಟಕ್ಕೆ ಸಿಕ್ಕಿದ ಬೇರೆಬೇರೆ ವಂಶಗಳು, ಪರಸ್ಪರ ಸಂಪರ್ಕವಿಲ್ಲದೆಯೂ, ಒಂದೇ ಬಗೆಯ ರೂಪಕ್ಕೆ ಬಂದು ನಿಲ್ಲುವ ಈ ವಿದ್ಯಮಾನವನ್ನು ಜೀವವಿಜ್ಞಾನದಲ್ಲಿ 'ಅಭಿಸರಣ ವಿಕಾಸ' ಎನ್ನುತ್ತಾರೆ. ಅಭಿಸರಣವೆಂದರೆ ಹಲವು ದಾರಿಗಳು ಬಂದು ಒಂದೆಡೆ ಕೂಡುವುದು. ಕನ್ನಡದ 'ಕಳ್ಳಿ' ಎಂಬ ಮಾತು ಆ ಕೂಡುವ ಜಾಗದ ಹೆಸರು.

ಆ ಮಾತು ವಿಜ್ಞಾನದ ಲ್ಯಾಟಿನ್‌ನೊಳಗೂ ಸದ್ದಿಲ್ಲದೆ ಹೊಕ್ಕಿದೆ. ಡಚ್ಚರ ಕೊಚ್ಚಿಯ ಆಡಳಿತಗಾರ ಹೆಂಡ್ರಿಕ್ ವಾನ್ ರೀಡ್, ಮಲಬಾರಿನ ವೈದ್ಯ ಇಟ್ಟಿ ಅಚ್ಯುತನ್ ಹಾಗೂ ಕೊಂಕಣಿ ಪಂಡಿತರಾದ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟರ ನೆರವಿನಿಂದ ಸಿದ್ಧಪಡಿಸಿ, 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚು ಹಾಕಿಸಿದ 'ಹೋರ್ಟಸ್ ಮಲಬಾರಿಕಸ್' ಗ್ರಂಥದಲ್ಲಿ ತಿರುಕಳ್ಳಿ, ಚದುರಕಳ್ಳಿ, ಎಲಕಳ್ಳಿ ಎಂಬ ಹೆಸರುಗಳು ಚಿತ್ರಸಹಿತ ಬಂದಿವೆ. 1753ರಲ್ಲಿ ಸಸ್ಯಗಳಿಗೆಲ್ಲ ಜೋಡಿ ಹೆಸರಿಡಲು ಕುಳಿತ ಸ್ವೀಡನ್ನಿನ ಲಿನೇಯಸ್, ಇದರಲ್ಲಿಯ ಮೊದಲನೆಯದನ್ನು ಹಾಗೆಯೇ ಎತ್ತಿಕೊಂಡು ಕೊಂಬುಕಳ್ಳಿಗೆ 'ಯೂಫೋರ್ಬಿಯಾ ತಿರುಕಲ್ಲಿ' ಎಂದು ನಾಮಕರಣ ಮಾಡಿದನು. ಆದ್ದರಿಂದ ಇಂದು ಯಾವ ದೇಶದ ಪ್ರಯೋಗಾಲಯದಲ್ಲಿ ಈ ಗಿಡವನ್ನು ಹೆಸರು ಹಿಡಿದು ಕರೆದರೂ ದ್ರಾವಿಡ ಮಾತೊಂದು ಉಚ್ಚಾರವಾಗುತ್ತದೆ. ಹೆಸರು ಇಲ್ಲಿಯದಾದರೂ ಗಿಡದ ಮೂಲ ಬೇರೆ: ಹೆಚ್ಚಿನ ಸಸ್ಯತಜ್ಞರು ಅದರ ತವರು ಆಫ್ರಿಕವೆಂದೇ ಎಣಿಸುತ್ತಾರೆ. ಸುಮಾರು 2,000 ಪ್ರಭೇದಗಳಿರುವ ಯೂಫೋರ್ಬಿಯಾ ಕುಲದೊಳಗೂ ಕೊಂಬುಕಳ್ಳಿ ಮತ್ತು ಎಲೆಗಳ್ಳಿಗಳು ಬೇರೆಬೇರೆ ಕವಲಿಗೆ ಸೇರಿದ್ದು, ಒಂದೇ ಬೇಲಿಯಲ್ಲಿ ಪಕ್ಕಪಕ್ಕ ನಿಂತಾಗಲೂ ಅವು ಒಡಹುಟ್ಟಿದವಲ್ಲ.

ರೂಪ ಹೀಗೆ ಒಂದಾಗಿ ಬಂದದ್ದಕ್ಕಿಂತ ಹೆಚ್ಚು ಬೆರಗು ಹುಟ್ಟಿಸುವುದು, ಒಳಗಿನ ಕೆಲಸವೂ ಒಂದೇ ಆಗಿರುವುದು. ಗಿಡ ಅನ್ನ ತಯಾರಿಸಲು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಬೇಕು. ಅದನ್ನು ಒಳಗೆ ಬಿಟ್ಟುಕೊಳ್ಳಲು ಎಲೆಯ ಅಥವಾ ಕಾಂಡದ ಮೈಮೇಲಿನ ಸೂಕ್ಷ್ಮ ಬಾಯಿಗಳನ್ನು, ಅಂದರೆ ಪತ್ರರಂಧ್ರಗಳನ್ನು, ತೆರೆಯಬೇಕು. ತೆರೆದರೆ ಒಳಗಿನ ನೀರು ಆವಿಯಾಗಿ ಹೊರಬೀಳುತ್ತದೆ. ಜೋಳ, ಕಬ್ಬುಗಳಂಥ ಕೆಲವನ್ನು ಬಿಟ್ಟರೆ ಹೆಚ್ಚಿನ ಗಿಡಗಳು ಒಂದು ಗ್ರಾಂ ಇಂಗಾಲದ ಡೈಆಕ್ಸೈಡ್ ಗಳಿಸಲು 400ರಿಂದ 500 ಗ್ರಾಂ ನೀರನ್ನು ಕಳೆದುಕೊಳ್ಳುತ್ತವೆ. ಪಾಪಾಸುಕಳ್ಳಿಯಂಥ ಗಿಡ ಅದೇ ಗಳಿಕೆಯನ್ನು 50ರಿಂದ 100 ಗ್ರಾಂ ನೀರಿನಲ್ಲಿ ಮುಗಿಸುತ್ತದೆ. ಗುಟ್ಟು ಇಷ್ಟೇ: ಅದು ಬಾಯಿ ತೆರೆಯುವುದು ರಾತ್ರಿ. ತಂಪು ಹೊತ್ತಿನಲ್ಲಿ ಒಳಗೆಳೆದುಕೊಂಡ ಇಂಗಾಲವನ್ನು ಮ್ಯಾಲಿಕ್ ಆಮ್ಲವಾಗಿ ಮಾರ್ಪಡಿಸಿ, ಜೀವಕೋಶದೊಳಗಿನ ದೊಡ್ಡ ನೀರುಚೀಲದಲ್ಲಿ ತುಂಬಿಡುತ್ತದೆ. ಬೆಳಗಾದ ಮೇಲೆ ಬಾಯಿ ಮುಚ್ಚಿಕೊಂಡು, ಕೂಡಿಟ್ಟ ಆಮ್ಲದಿಂದ ಇಂಗಾಲವನ್ನು ಬಿಡಿಸಿ, ಸೂರ್ಯನ ಬೆಳಕಿನಲ್ಲಿ ಸಕ್ಕರೆ ಕಟ್ಟುತ್ತದೆ. ಜಿನೀವಾದ ನಿಕೊಲಾ ಥಿಯೊಡೋರ್ ದ ಸೋಸ್ಯೂರ್ ಪಾಪಾಸುಕಳ್ಳಿ ರಾತ್ರಿಯಲ್ಲಿ ಗಾಳಿಯಿಂದ ಅನಿಲ ಹೀರುವುದನ್ನು 1804ರಷ್ಟು ಹಿಂದೆಯೇ ಗುರುತಿಸಿದ್ದನಾದರೂ, ಈ ಕ್ರಿಯೆಯ ಆಮ್ಲದ ಮುಖವನ್ನು ಮೊದಲು ಕಂಡವನಿಗೆ ಕರ್ನಾಟಕದ ನಂಟಿದೆ.

ಆತ ಬೆಂಜಮಿನ್ ಹೈನ್. ಮದರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯನೂ ಸಸ್ಯತಜ್ಞನೂ ಆಗಿದ್ದ ಹೈನ್, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹೈದರಾಲಿ–ಟಿಪ್ಪು ಬೆಳೆಸಿದ ಬೆಂಗಳೂರಿನ ಲಾಲ್‌ಬಾಗಿನ ಹೊಣೆ ಹೊತ್ತು, ಮೈಸೂರು ಸೀಮೆಯನ್ನು ಸುತ್ತಿ ಬರೆದವನು. 1813ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಯ ಮುಂದೆ ಓದಲಾದ ಅವನ ಪತ್ರದಲ್ಲಿ ಒಂದು ಚಿಕ್ಕ ಸಂಗತಿಯಿದೆ: ಕಾಡುಬಸಳೆಯ ಎಲೆ ಮುಂಜಾನೆ ಹುಳಿಯಾಗಿರುತ್ತದೆ, ಹೊತ್ತು ಏರಿದಂತೆ ಹುಳಿ ಇಳಿದು ನಡುಹಗಲಿಗೆ ಸಪ್ಪೆಯಾಗುತ್ತದೆ, ಸಂಜೆಗೆ ತುಸು ಕಹಿಗೆ ತಿರುಗುತ್ತದೆ. ಯಾವ ಉಪಕರಣವೂ ಇಲ್ಲದೆ, ಒಂದೇ ಗಿಡದ ಎಲೆಯನ್ನು ದಿನದ ಮೂರು ಹೊತ್ತು ನಾಲಿಗೆಗೆ ತಾಗಿಸಿ ನೋಡಿದ ಈ ತಾಳ್ಮೆಯ ಮುಂದೆ ಇಂದಿನ ಓದುಗನೂ ತಲೆಬಾಗಬೇಕು. ಮರಾಠಿಯಲ್ಲಿ 'ಪಾನಫುಟಿ' ಎನ್ನಿಸಿಕೊಳ್ಳುವ ಈ ಗಿಡ ಬೆಳಗಾವಿ ಜಿಲ್ಲೆಯ ಹಿತ್ತಿಲುಗಳಿಗೆ ಹೊಸದಲ್ಲ. ಅದರಲ್ಲಿ ಹೃದಯಕ್ಕೆ ಕೆಡುಕು ಮಾಡಬಲ್ಲ ಅಂಶಗಳೂ ಇರುವುದರಿಂದ ಹೈನ್‌ನ ಪ್ರಯೋಗವನ್ನು ನಾಲಿಗೆಯ ಬದಲು ಶಾಲೆಯ ಆಮ್ಲಪರೀಕ್ಷೆಯ ಕಾಗದದಿಂದ ಮಾಡಿ ನೋಡುವುದು ಕ್ಷೇಮ: ಸೂರ್ಯೋದಯಕ್ಕೆ ಮುಂಚೆ ಕಿತ್ತ ಎಲೆಯನ್ನು ಜಜ್ಜಿ ರಸಕ್ಕೆ ಕಾಗದ ಅದ್ದಿ, ಸಂಜೆ ಅದೇ ಗಿಡದ ಇನ್ನೊಂದು ಎಲೆಯ ರಸಕ್ಕೆ ಅದ್ದಿದರೆ, ಎರಡು ಬಣ್ಣಗಳ ನಡುವಣ ಅಂತರದಲ್ಲಿ ಗಿಡದ ಒಂದು ರಾತ್ರಿಯ ದುಡಿಮೆ ಕಣ್ಣಿಗೆ ಕಾಣುತ್ತದೆ. ಕಾಡುಬಸಳೆಯ ಕುಟುಂಬದ ಹೆಸರು ಕ್ರ್ಯಾಸುಲೇಸಿ; ಅದರಿಂದಲೇ ಈ ಕ್ರಿಯೆಗೆ 'ಕ್ರ್ಯಾಸುಲೇಸಿಯ ಆಮ್ಲ ಚಯಾಪಚಯ' ಎಂಬ ಹೆಸರು ಬಂದು, ಇಂಗ್ಲಿಷಿನ ಮೊದಲಕ್ಷರಗಳು ಕೂಡಿ 'ಕ್ಯಾಮ್' ಎಂದು ರೂಢಿಯಾಯಿತು.

ಕ್ಯಾಮ್ ಕ್ರಿಯೆ ಮೂವತ್ತಕ್ಕೂ ಹೆಚ್ಚು ಸಸ್ಯಕುಟುಂಬಗಳಲ್ಲಿ ಕಂಡುಬಂದಿದೆ; ಯೂಫೋರ್ಬಿಯಾ ಕುಲವೊಂದರೊಳಗೇ ಅದು ಹದಿನೈದಕ್ಕೂ ಹೆಚ್ಚು ಬಾರಿ ಸ್ವತಂತ್ರವಾಗಿ ಮೂಡಿರಬೇಕೆಂದು ವಂಶವೃಕ್ಷ ಕಟ್ಟಿದವರು ಲೆಕ್ಕ ಹಾಕಿದ್ದಾರೆ. ಇಷ್ಟು ಜಟಿಲವಾದ ವ್ಯವಸ್ಥೆ ಇಷ್ಟು ಸಲ ಹೊಸದಾಗಿ ಹುಟ್ಟುವುದು ಹೇಗೆ ಸಾಧ್ಯ? ಉತ್ತರ ಸಿಗತೊಡಗಿದ್ದು ಗಿಡಗಳ ಜೀನೋಮ್, ಎಂದರೆ ಒಂದು ಜೀವಿಯ ಜೀವಕೋಶದಲ್ಲಿರುವ ಡಿಎನ್‌ಎ ಬರಹದ ಪೂರ್ತಿ ಪಠ್ಯ, ಓದಲು ಸಿಕ್ಕ ಮೇಲೆ. 2015ರಲ್ಲಿ ಅನಾನಸಿನ ಜೀನೋಮ್ ಹೊರಬಂದಿತು. ಕ್ಯಾಮ್ ಕ್ರಿಯೆ ಇರುವ ಅನಾನಸು ಮುಳ್ಳಿನ ಎಲೆಗಳ ನಡುವೆ ಇಷ್ಟು ರಸವತ್ತಾದ ಹಣ್ಣನ್ನು ಒಣನೆಲದಲ್ಲಿ ಬಿಡುವುದರ ಹಿಂದೆಯೂ ಇದೇ ಗುಟ್ಟಿದೆ. 2017ರಲ್ಲಿ ಕಾಡುಬಸಳೆಯ ಸಮೀಪ ಬಂಧು, ಮಡಗಾಸ್ಕರ್ ಮೂಲದ ಕ್ಯಾಲಂಕೊ ಫೆಡ್ಚೆಂಕೋಯ್ ಎಂಬ ಗಿಡದ ಜೀನೋಮ್ ಪ್ರಕಟವಾಯಿತು. ಅದರಲ್ಲಿ ಸುಮಾರು 30 ಸಾವಿರ ವಂಶವಾಹಿಗಳಿವೆ. ವಂಶವಾಹಿ ಎಂದರೆ ಜೀವಕೋಶ ಒಂದು ನಿರ್ದಿಷ್ಟ ಪ್ರೋಟೀನನ್ನು ಕಟ್ಟಲು ಬೇಕಾದ ಆದೇಶವನ್ನು ಹೊತ್ತ ಡಿಎನ್‌ಎ ತುಣುಕು.

ಆ ಜೀನೋಮನ್ನು ಓದಿದ ಸಂಶೋಧಕರು ಕಂಡದ್ದು ಇದು: ರಾತ್ರಿಯಲ್ಲಿ ಇಂಗಾಲ ಹಿಡಿಯಲು ಬೇಕಾದ ಕಿಣ್ವಗಳ ವಂಶವಾಹಿಗಳು ಕ್ಯಾಮ್ ಗಿಡಗಳ ಸ್ವಂತ ಆಸ್ತಿಯಲ್ಲ, ಬದನೆ, ಹತ್ತಿ, ಶೇಂಗಾ ಎಲ್ಲದರಲ್ಲೂ ಅವು ಬೇರೆ ಚಿಲ್ಲರೆ ಕೆಲಸಗಳಿಗಾಗಿ ಇದ್ದೇ ಇವೆ. ಕ್ಯಾಮ್ ಗಿಡಗಳಲ್ಲಿ ಅವು ಚುರುಕಾಗುವ ಹೊತ್ತು ಬದಲಾಗಿದೆ. ಹಗಲಲ್ಲಿ ದುಡಿಯುತ್ತಿದ್ದ ಆಳನ್ನು ರಾತ್ರಿ ಪಾಳಿಗೆ ಹಾಕಿದಂತೆ, ಗಿಡದೊಳಗಿನ ಗಡಿಯಾರದ ವಂಶವಾಹಿಗಳು ಹಳೆಯ ಕಿಣ್ವಗಳಿಗೆ ಹೊಸ ವೇಳೆಯನ್ನು ನಿಗದಿಪಡಿಸಿವೆ. ಅದರ ಜೊತೆಗೆ, ಇಂಗಾಲ ಹಿಡಿಯುವ ಮುಖ್ಯ ಕಿಣ್ವದ ಒಂದು ಜಾಗದಲ್ಲಿ ಇರಬೇಕಾದ ಅಮೈನೋ ಆಮ್ಲದ ಬದಲು ಆಸ್ಪಾರ್ಟಿಕ್ ಆಮ್ಲ ಬಂದಿದ್ದು, ಇದೇ ಬದಲಾವಣೆ ಅದೇ ಜಾಗದಲ್ಲಿ, ಕ್ಯಾಲಂಕೊಗೆ ಯಾವ ರೀತಿಯಲ್ಲೂ ಹತ್ತಿರದವಲ್ಲದ ಆರ್ಕಿಡ್ ಒಂದರಲ್ಲಿಯೂ ಪ್ರತ್ಯೇಕವಾಗಿ ಆಗಿದೆ. ಹೊರಗಿನ ರೂಪದಲ್ಲಿ ಕಂಡ ಅಭಿಸರಣ ಪ್ರೋಟೀನಿನ ಒಂದು ಮಣಿಯ ಮಟ್ಟಕ್ಕೂ ಇಳಿದಿದೆ ಎಂದಾಯಿತು. ಬಳಿಕ ಬ್ರಿಟನ್ನಿನ ಲಿವರ್‌ಪೂಲ್ ವಿಶ್ವವಿದ್ಯಾಲಯದ ಜೇಮ್ಸ್ ಹಾರ್ಟ್‌ವೆಲ್ ತಂಡ ಇನ್ನೊಂದು ಕ್ಯಾಲಂಕೊ ಪ್ರಭೇದದಲ್ಲಿ ಆ ಕಿಣ್ವದ ವಂಶವಾಹಿಯ ಬಾಯಿ ಕಟ್ಟಿ ನೋಡಿದಾಗ, ಗಿಡದ ರಾತ್ರಿಯ ಇಂಗಾಲ ಸಂಗ್ರಹ ನಿಂತುಹೋಯಿತಲ್ಲದೆ, ಒಳಗಡಿಯಾರದ ಕೆಲವು ವಂಶವಾಹಿಗಳ ಲಯವೂ ಏರುಪೇರಾಯಿತು. ಗಡಿಯಾರ ಕಿಣ್ವವನ್ನು ನಡೆಸುವಂತೆ ಕಿಣ್ವದ ಕೆಲಸವೂ ಗಡಿಯಾರವನ್ನು ತಿದ್ದುತ್ತದೆ ಎಂಬುದು ಯಾರೂ ಅಷ್ಟಾಗಿ ನಿರೀಕ್ಷಿಸಿರದ ಫಲಿತಾಂಶ.

ಒಂದೇ ಜೀನೋಮ್ ಒಂದೇ ಗಿಡದಲ್ಲಿ ಎರಡು ಪದ್ಧತಿಯ ಅಡುಗೆಮನೆಗಳನ್ನು ನಡೆಸಬಲ್ಲದೆಂಬುದಕ್ಕೆ ಸಾಕ್ಷಿ ಕೊಗನೊಳ್ಳಿಯ ಬೇಲಿಯಲ್ಲೇ ಇದೆ. ಕೊಂಬುಕಳ್ಳಿಯ ಎಳೆಯ ತುದಿಗಳಲ್ಲಿ ಪುಟ್ಟ ಎಲೆಗಳು ಮೂಡಿ ಬೇಗನೆ ಉದುರಿಹೋಗುತ್ತವೆ. ಆ ಎಲೆಗಳು ಸಾಮಾನ್ಯ ಗಿಡಗಳಂತೆ ಹಗಲಿನಲ್ಲಿ ಕೆಲಸ ಮಾಡಿದರೆ, ಹಸಿರು ಕಾಂಡ ಕ್ಯಾಮ್ ಪದ್ಧತಿಯಲ್ಲಿ ರಾತ್ರಿ ದುಡಿಯುತ್ತದೆಂದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಇದೇ ಕಥೆಯ ಇನ್ನೂ ಸುಂದರವಾದ ರೂಪ ಗಡಿಯಾಚೆ, ಪುಣೆ–ಸಾತಾರ ಕಡೆಯ ಕೋಟೆಬಂಡೆಗಳ ಮೇಲೆ ಬೆಳೆಯುವ 'ಶಿಂದಳ ಮಾಕುಡಿ'ಯದು. ಶಿವನೇರಿ, ಪುರಂದರ, ಸಜ್ಜನಗಡಗಳಂಥ ಕಡಿದಾದ ಬಂಡೆಗಳಲ್ಲಿ ಜೋತುಬೀಳುವ, ಬೆರಳು ಗಾತ್ರದ ಕಾಂಡದ, ಹಳದಿ ಮಚ್ಚೆಯ ಕೆನ್ನೇರಳೆ ಹೂವಿನ ಈ ಗಿಡ ಮಹಾರಾಷ್ಟ್ರ ಬಿಟ್ಟು ಜಗತ್ತಿನ ಬೇರೆಲ್ಲಿಯೂ ತಾನಾಗಿ ಬೆಳೆಯುವುದಿಲ್ಲ. ಚಿಕ್ಕೋಡಿ–ಬೆಳಗಾವಿಗಳೂ ಮುಂಬಯಿ ಪ್ರಾಂತಕ್ಕೆ ಸೇರಿದ್ದ 1860ರ ದಶಕದಲ್ಲಿ ಡಾಲ್ಜೆಲ್ ಎಂಬ ಸಸ್ಯತಜ್ಞ ಆ ಪ್ರಾಂತದ ಗವರ್ನರ್ ಬಾರ್ಟಲ್ ಫ್ರಿಯರ್ ಹೆಸರಿನಲ್ಲಿ ಇದಕ್ಕೆ ಫ್ರೇರಿಯಾ ಇಂಡಿಕಾ ಎಂದು ಹೆಸರಿಟ್ಟನು. ಎಲೆಯೇ ಇಲ್ಲದ ಬಂಧುಗಳ ನಡುವೆ ಇದೊಂದಕ್ಕೆ ಮಳೆಗಾಲದಲ್ಲಿ ಅಗಲವಾದ ಎಲೆಗಳು ಬರುತ್ತವೆ. ಜರ್ಮನಿಯ ಲಾಂಗೆ ಮತ್ತು ಜೂಬರ್ 1977ರಲ್ಲಿ ಅಳತೆ ಮಾಡಿದಾಗ, ಎಲೆಗಳು ಹಗಲಿನ ಸಾಮಾನ್ಯ ಪದ್ಧತಿಯಲ್ಲಿಯೂ ಕಾಂಡ ಕ್ಯಾಮ್ ಪದ್ಧತಿಯಲ್ಲಿಯೂ ನಡೆಯುವುದು ತಿಳಿಯಿತು: ಮಳೆ ಇರುವಷ್ಟು ದಿನ ಎಲೆ ಬಿಚ್ಚಿ ವೇಗವಾಗಿ ಗಳಿಸುವುದು, ಮಳೆ ನಿಂತೊಡನೆ ಎಲೆ ಕಳಚಿ ಕಾಂಡದ ಮಿತವ್ಯಯಕ್ಕೆ ಮರಳುವುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದು ಉಳಿದ ತಿಂಗಳುಗಳಲ್ಲಿ ಬಾಯಾರಿಸುವ ದಖ್ಖಣದ ಹವೆಗೆ ಇದಕ್ಕಿಂತ ಒಪ್ಪುವ ಬಾಳುವೆಯನ್ನು ಊಹಿಸುವುದು ಕಷ್ಟ.

ಫ್ರೇರಿಯಾದ ಎಲೆಯಿಲ್ಲದ ಬಂಧುವೊಂದು ಕರ್ನಾಟಕದ ಒಣ ಮಡ್ಡಿಗಳಲ್ಲಿಯೂ ಸಿಗುತ್ತದೆ. ಅದು ಕನ್ನಡದಲ್ಲಿ ಮಂಗನಕೋಡು, ಮರಾಠಿಯಲ್ಲಿ ಮಾಕಡಶಿಂಗ. ಎರಡಕ್ಕೂ ಕೋತಿಯ ಕೊಂಬೆಂದೇ ಅರ್ಥ. ಇದರ ಕುಲಕ್ಕಿರುವ ಕ್ಯಾರಲುಮಾ ಎಂಬ ಹೆಸರು ತೆಲುಗಿನ ಹೆಸರನ್ನು ಆಧರಿಸಿದ್ದು. ನಾಲ್ಕು ಏಣಿನ ಈ ಕಾಂಡವನ್ನು ಹಳ್ಳಿಗರು ಹಸಿಯಾಗಿಯೂ ಪಲ್ಯವಾಗಿಯೂ ತಿನ್ನುವುದುಂಟು, ತಿಂದರೆ ಹಸಿವು ಅಡಗುತ್ತದೆಂಬ ಮಾತೂ ಇದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಸಂಸ್ಥೆಯ ಸಂಶೋಧಕರು ಈ ಮಾತನ್ನು ಪರೀಕ್ಷೆಗೆ ಒಡ್ಡಿ, 50 ವಯಸ್ಕರಲ್ಲಿ ಒಂದು ಗುಂಪಿಗೆ 60 ದಿನ ಅದರ ಸಾರವನ್ನು ಕೊಟ್ಟು ಮಾಡಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಅಂದಿನಿಂದ ತೂಕ ಇಳಿಸುವ ಮಾತ್ರೆಗಳ ಮಾರುಕಟ್ಟೆಗೆ ಈ ಗಿಡ ಬೇಕಾಗಿದೆ. ಬೇಡಿಕೆ ಬಂದ ಕಾಡುಗಿಡದ ಗತಿ ಏನಾಗುತ್ತದೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಮಂಗನಕೋಡು, ಫ್ರೇರಿಯಾಗಳ ವಂಶವನ್ನು ಅರಿಯಬೇಕಾದರೆ ಅವುಗಳ ಮತ್ತೊಂದು ದೊಡ್ಡ ಬಳಗವಾದ ಸಿರೊಪೀಜಿಯಾವನ್ನು ಬಿಡುವಂತಿಲ್ಲ. ಅದರ ಅಧ್ಯಯನದ ದೊಡ್ಡ ಕೇಂದ್ರವೊಂದು ಕೊಗನೊಳ್ಳಿಯಿಂದ ಗಂಟೆಯೊಳಗಿನ ದಾರಿಯಲ್ಲಿ, 1962ರಲ್ಲಿ ಸ್ಥಾಪನೆಯಾದ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿದೆ. ಸಿರೊಪೀಜಿಯಾಗಳು ನೆಲದೊಳಗೆ ರಸತುಂಬಿದ ಗಡ್ಡೆಯನ್ನಿಟ್ಟುಕೊಂಡು, ಮಳೆ ಬಿದ್ದಾಗ ಮಾತ್ರ ತಲೆಯೆತ್ತಿ, ಕಂದೀಲಿನಾಕಾರದ ಹೂ ಬಿಟ್ಟು, ಮಳೆಗಾಲ ಮುಗಿದೊಡನೆ ಮಾಯವಾಗುವ ಸಣ್ಣ ಗಿಡ–ಬಳ್ಳಿಗಳು. ಭಾರತದಲ್ಲಿ ಇವುಗಳ ಐವತ್ತಕ್ಕೂ ಹೆಚ್ಚು ಪ್ರಭೇದಗಳಿದ್ದು, ಹಲವು ಸಹ್ಯಾದ್ರಿಯ ನೆತ್ತಿಯ ಬಂಡೆಹಾಸುಗಳಿಗೇ ಸೀಮಿತವಾಗಿವೆ. ಕೆಲವು ಒಂದೆರಡು ಗುಡ್ಡಗಳ ಆಚೆ ಎಲ್ಲಿಯೂ ಸಿಗುವುದಿಲ್ಲ. ಕೊಲ್ಹಾಪುರದ ಎಸ್. ಆರ್. ಯಾದವ್ ಮತ್ತು ಅವರ ಶಿಷ್ಯರು ದಶಕಗಳ ಕಾಲ ಮಳೆಯಲ್ಲಿ ಆ ಬಂಡೆಗಳನ್ನು ಸುತ್ತಿ, ಹೊಸ ಪ್ರಭೇದಗಳನ್ನು ವರ್ಣಿಸಿ, ಕಾಣೆಯಾಗಿದ್ದವನ್ನು ಮತ್ತೆ ಹುಡುಕಿ, ವಿಶ್ವವಿದ್ಯಾಲಯದ ತೋಟದಲ್ಲಿ ಬೆಳೆಸಿ ಉಳಿಸಿದ ಕೆಲಸ ಸಣ್ಣದಲ್ಲ. ಹಾಂಗ್‌ಕಾಂಗ್ ವಿಶ್ವವಿದ್ಯಾಲಯದ ಸಂಶೋಧಕರೊಡನೆ ಸೇರಿ ಅವರು 2009ರಲ್ಲಿ ಪ್ರಕಟಿಸಿದ ಅಧ್ಯಯನ ಪಶ್ಚಿಮಘಟ್ಟದ ಸಿರೊಪೀಜಿಯಾಗಳ ವಂಶವೃಕ್ಷವನ್ನು ಡಿಎನ್‌ಎ ಆಧಾರದ ಮೇಲೆ ಕಟ್ಟಿತು.

ಇಂಥ ಕೆಲಸದ ಮೊದಲ ಹೆಜ್ಜೆಯೇ ರಸಭರಿತ ಗಿಡಗಳಲ್ಲಿ ಕಷ್ಟದ್ದು. ನೀರು ಹಿಡಿದಿಡಲು ಗಿಡ ಬೆಳೆಸಿಕೊಂಡ ಲೋಳೆ, ಡಿಎನ್‌ಎಯ ರಾಸಾಯನಿಕ ಗುಣಕ್ಕೆ ತುಂಬ ಹತ್ತಿರದ ಸಕ್ಕರೆಸರಣಿಗಳಿಂದ ಆದದ್ದು. ಎಲೆಯನ್ನು ಅರೆದು ಡಿಎನ್‌ಎ ಬೇರ್ಪಡಿಸಲು ಹೋದರೆ ಕೊಳವೆಯ ತಳದಲ್ಲಿ ಬಿಳಿಯ ಎಳೆಗಳ ಬದಲು ಸಿಂಬಳದಂಥ ಮುದ್ದೆ ಕೂರುತ್ತದೆ, ಮುಂದಿನ ಯಾವ ಕಿಣ್ವವೂ ಅದರ ಮೇಲೆ ಕೆಲಸ ಮಾಡುವುದಿಲ್ಲ. ಉಪ್ಪಿನ ಸಾಂದ್ರತೆಯನ್ನು ಹೆಚ್ಚಿಸಿ, ಮಾರ್ಜಕದಂಥ ಒಂದು ರಾಸಾಯನಿಕ ಬೆರೆಸಿ ಬಿಸಿ ಮಾಡಿ, ಕ್ಲೋರೋಫಾರಂನಿಂದ ಮತ್ತೆ ಮತ್ತೆ ತೊಳೆದು ಲೋಳೆಯನ್ನು ಕಳಚಬೇಕು. ಹೀಗೆ ಶುದ್ಧವಾದ ಡಿಎನ್‌ಎಯಿಂದ ಕೆಲವು ಆಯ್ದ ಭಾಗಗಳನ್ನು ಲಕ್ಷಾಂತರ ಪ್ರತಿಗಳಾಗಿಸಿ, ಅವುಗಳ ಅಕ್ಷರಗಳನ್ನು ಪ್ರಭೇದದಿಂದ ಪ್ರಭೇದಕ್ಕೆ ಸಾಲುಸಾಲಾಗಿ ಹೋಲಿಸಲಾಗುತ್ತದೆ. ಅಕ್ಷರ ವ್ಯತ್ಯಾಸ ಕಡಿಮೆಯಿದ್ದಷ್ಟೂ ಅಗಲಿಕೆ ಇತ್ತೀಚಿನದು. ಈ ಹೋಲಿಕೆ ತೋರಿಸಿದ ಸಂಗತಿ ಹಳೆಯ ವರ್ಗೀಕರಣಕ್ಕೆ ಪೆಟ್ಟು ಕೊಟ್ಟಿತು. ಬೇರೆಯೇ ಕುಲವೆಂದು ಎಣಿಸಿದ್ದ ಬ್ರ್ಯಾಕಿಸ್ಟೆಲ್ಮಾ ಎಂಬ ಗಡ್ಡೆಗಿಡಗಳು ಸಿರೊಪೀಜಿಯಾದ ಮನೆಯೊಳಗೇ ಕೂತಿದ್ದವು. ಮುಂದೆ ಕ್ಯಾರಲುಮಾ ಬಳಗದ ಗಿಡಗಳೂ ಅದೇ ಮನೆಯವೆಂದು ಕಂಡು, 2017ರಲ್ಲಿ ದಕ್ಷಿಣ ಆಫ್ರಿಕದ ಪೀಟರ್ ಬ್ರುಯಿನ್ಸ್ ಮತ್ತು ಸಂಗಡಿಗರು ಇವೆಲ್ಲವನ್ನೂ ಸಿರೊಪೀಜಿಯಾ ಎಂಬ ಒಂದೇ ಕುಲಕ್ಕೆ ಸೇರಿಸಬೇಕೆಂದು ವಾದಿಸಿದರು. ಹೀಗೆ ಶಿಂದಳ ಮಾಕುಡಿ ಫ್ರೇರಿಯಾ ಆಗಿದ್ದದ್ದು, ನಡುವೆ ಬೌಸೆರೋಸಿಯಾ ಆಗಿ, ಕೊನೆಗೆ ಸಿರೊಪೀಜಿಯಾ ಎಂದೂ ಕರೆಯಿಸಿಕೊಂಡಿತು. ಎಲ್ಲ ತಜ್ಞರೂ ಇದನ್ನು ಒಪ್ಪಿಲ್ಲ, ಒಪ್ಪದಿರಲು ಕಾರಣವೂ ಇದೆ: ಹೂವಿನಲ್ಲಿ, ಕಾಂಡದಲ್ಲಿ ಇಷ್ಟು ಭಿನ್ನವಾದ ಏಳುನೂರಕ್ಕೂ ಹೆಚ್ಚು ಪ್ರಭೇದಗಳನ್ನು ಒಂದೇ ಹೆಸರಿನಡಿ ತಂದರೆ ಹೆಸರಿನಿಂದ ಗಿಡದ ಚಿತ್ರ ಮೂಡುವುದೇ ನಿಲ್ಲುತ್ತದೆ. ಜನರ 'ಕಳ್ಳಿ' ನಡವಳಿಕೆಯನ್ನು ಹಿಡಿದು ವಂಶವನ್ನು ಬಿಟ್ಟರೆ, ಈ ಹೊಸ ಹೆಸರು ವಂಶವನ್ನು ಹಿಡಿದು ರೂಪವನ್ನು ಬಿಡುತ್ತದೆ.

ವೈವಿಧ್ಯವೆಂದರೆ ಪ್ರಭೇದಗಳ ಎಣಿಕೆಯಷ್ಟೇ ಅಲ್ಲ, ಒಂದೇ ಪ್ರಭೇದದ ಗಿಡಗಿಡಗಳ ನಡುವೆ ಇರುವ ಡಿಎನ್‌ಎ ವ್ಯತ್ಯಾಸವೂ ಹೌದು. ಈ ದೃಷ್ಟಿಯಿಂದ ಗಡಿಭಾಗದ ರಸಭರಿತ ಗಿಡಗಳು ಎರಡು ಪಂಗಡವಾಗಿ ಬೇರ್ಪಡುತ್ತವೆ. ಮೊದಲನೆಯದು ಬೀಜವಿಲ್ಲದೆ ಹಬ್ಬುವವುಗಳದು. ಕೊಂಬುಕಳ್ಳಿಯ ಬೇಲಿ ಹಾಕುವವರು ಬೀಜ ಬಿತ್ತುವುದಿಲ್ಲ, ಟೊಂಗೆ ಕಡಿದು ಒಂದೆರಡು ದಿನ ಹಾಲು ಆರಲು ಬಿಟ್ಟು ಮಣ್ಣಿಗೆ ಊರುತ್ತಾರೆ. ಹಾಗೆ ಊರಿದ ಟೊಂಗೆ ತಾಯಿಗಿಡದ ಅಕ್ಷರಶಃ ಪ್ರತಿ, ಅದನ್ನು 'ತದ್ರೂಪಿ' ಎನ್ನಬಹುದು. ಬೇಲಿ ಎಷ್ಟೇ ಉದ್ದವಿರಲಿ, ಒಂದೇ ಗಿಡದಿಂದ ಬಂದದ್ದಾದರೆ ತಳಿಶಾಸ್ತ್ರದ ಲೆಕ್ಕದಲ್ಲಿ ಅದು ಒಂದೇ ಗಿಡ. ಒಡ್ಡಿನ ಮೇಲಿನ ಕತ್ತಾಳೆಯ ಸ್ಥಿತಿ ಇದಕ್ಕಿಂತ ಕಠಿಣ. ವರ್ಣತಂತುಗಳು, ಎಂದರೆ ಡಿಎನ್‌ಎಯನ್ನು ಸುತ್ತಿಟ್ಟ ಕಟ್ಟುಗಳು, ಸಾಮಾನ್ಯವಾಗಿ ತಾಯಿಯಿಂದ ಒಂದು, ತಂದೆಯಿಂದ ಒಂದು ಎಂಬಂತೆ ಎರಡೆರಡು ಜೊತೆಯಲ್ಲಿರುತ್ತವೆ. ನಾರಿನ ಕತ್ತಾಳೆಯಲ್ಲಿ 30ರ ಕಟ್ಟು ಐದು ಪಟ್ಟಾಗಿ 150ರಷ್ಟಾಗಿದೆ. ಐದನ್ನು ಸರಿಯಾಗಿ ಎರಡು ಪಾಲು ಮಾಡಲಾಗದ ಕಾರಣ ಆ ಗಿಡಕ್ಕೆ ಕಸುವಾದ ಬೀಜ ಕಟ್ಟುವುದಿಲ್ಲ, ಹೂಗಂಬದ ಮೇಲೆ ಬೀಜದ ಬದಲು ಪುಟ್ಟ ಮರಿಗಳೇ ಮೂಡಿ ಉದುರುತ್ತವೆ. ಲೋಳೆಸರವೂ ಬುಡದ ಮರಿಗಳಿಂದಲೇ ಮನೆಯಿಂದ ಮನೆಗೆ ಹೋಗುವ ಗಿಡ. ಐನೂರಕ್ಕೂ ಹೆಚ್ಚು ಪ್ರಭೇದಗಳಿರುವ ಅದರ ಕುಲದ ವಂಶವೃಕ್ಷ 2015ರಲ್ಲಿ ಪ್ರಕಟವಾದಾಗ, ಲೋಳೆಸರದ ಹುಟ್ಟೂರು ಅರೇಬಿಯಾ ಪರ್ಯಾಯದ್ವೀಪವೆಂದು ಗೊತ್ತಾಯಿತು. 2021ರಲ್ಲಿ ಭೋಪಾಲದ ಐಸರ್ ಸಂಸ್ಥೆಯ ವಿಜ್ಞಾನಿಗಳು ಲೋಳೆಸರದ ಜೀನೋಮ್ ಕರಡನ್ನು ಹೊರತಂದರು. ಸುಮಾರು 1,300 ಕೋಟಿ ಅಕ್ಷರಗಳ, ಮನುಷ್ಯನದಕ್ಕಿಂತ ನಾಲ್ಕು ಪಟ್ಟು ದೊಡ್ಡದಾದ ಆ ಪಠ್ಯದಲ್ಲಿ ಅವರು 86 ಸಾವಿರಕ್ಕೂ ಮಿಕ್ಕಿ ವಂಶವಾಹಿಗಳನ್ನು ಗುರುತಿಸಿ, ಬರ ತಾಳುವ ಕ್ರಿಯೆಗೆ ಸಂಬಂಧಿಸಿದ ವಂಶವಾಹಿಗಳಲ್ಲಿ ವಿಕಾಸದ ಎದ್ದುಕಾಣುವ ಗುರುತುಗಳನ್ನು ಕಂಡರು.

ಕಾಡುಬಸಳೆಯ ಬಳಗದಲ್ಲಿ ಎಲೆಯಂಚಿನಲ್ಲಿ ಮರಿ ಮೊಳೆಯುವುದಕ್ಕೂ ತಳಿವಿಜ್ಞಾನದ ವಿವರಣೆ ದೊರೆತಿದೆ. ಕಿತ್ತ ಎಲೆಯನ್ನು ಪುಸ್ತಕದ ನಡುವೆ ಇಟ್ಟು ಮರಿಯೊಡೆಯುವುದನ್ನು ಕಾಯದ ಶಾಲಾಮಕ್ಕಳಿಲ್ಲ. ಎಲೆ ಗಿಡದಲ್ಲಿರುವಾಗಲೇ ಅಂಚಿನ ತುಂಬ ಮರಿ ಹೊರುವ ಅದರ ಒಂದು ಬಂಧುವಿನಲ್ಲಿ, ಬೀಜದೊಳಗಿನ ಭ್ರೂಣವನ್ನು ರೂಪಿಸಬೇಕಾದ ಒಂದು ವಂಶವಾಹಿ ತುಂಡಾಗಿದ್ದು, ಎಲೆಯಂಚಿನಲ್ಲಿ ಹೊಸ ಬಗೆಯಲ್ಲಿ ಎಚ್ಚರಗೊಳ್ಳುತ್ತದೆಂದು 2007ರಲ್ಲಿ ತಿಳಿದುಬಂದಿತು. ಆ ಗಿಡ ಬೀಜದ ಶಕ್ತಿಯನ್ನು ಕಳೆದುಕೊಂಡು ಎಲೆಗೆ ಬಸಿರಿನ ಶಕ್ತಿಯನ್ನು ಕೊಟ್ಟಿದೆ.

ತದ್ರೂಪಿಗಳ ಬೆಳವಣಿಗೆ ಎಷ್ಟು ವೇಗದ್ದೋ ಅವುಗಳ ಪತನವೂ ಅಷ್ಟೇ ವೇಗದ್ದಾಗಬಹುದೆಂಬುದನ್ನು ಈ ನಾಡು ಒಮ್ಮೆ ಕಣ್ಣಾರೆ ಕಂಡಿದೆ. 1795ರಲ್ಲಿ, ಕೆಂಪು ಬಣ್ಣ ಕೊಡುವ ಬೆಲೆಬಾಳುವ ಕೊಚಿನೀಲ್ ಹುಳುವೆಂದು ನಂಬಿ ಬ್ರೆಜಿಲ್‌ನಿಂದ ಕಲ್ಕತ್ತಕ್ಕೆ ತಂದ ಹುಳು ಬೇರೆಯೇ ಪ್ರಭೇದದ್ದಾಗಿತ್ತು. ಬಣ್ಣದ ಉದ್ಯಮ ಕೈಹತ್ತಲಿಲ್ಲ, ಆದರೆ ಆ ಹುಳು ಒಂದು ಜಾತಿಯ ಪಾಪಾಸುಕಳ್ಳಿಯನ್ನು ಮೇಯುತ್ತ ಹೋಗಿ ಅದನ್ನು ಅಳಿಸಿಹಾಕಿತು. ಕಳೆಯೊಂದನ್ನು ಅದರ ವೈರಿಹುಳುವಿನಿಂದ ಹತೋಟಿಗೆ ತಂದ ಜಗತ್ತಿನ ಮೊದಲ ಪ್ರಸಂಗಗಳಲ್ಲಿ ಇದೊಂದು. ದಕ್ಷಿಣ ಭಾರತದ ಹೊಲಗಳನ್ನು ನುಂಗುತ್ತಿದ್ದ ಇನ್ನೊಂದು ಜಾತಿಯ ಪಾಪಾಸುಕಳ್ಳಿಯನ್ನು ಮಾತ್ರ ಅದು ಮುಟ್ಟಲಿಲ್ಲ. 1926ರಲ್ಲಿ ಶ್ರೀಲಂಕಾದಿಂದ ಕೊಚಿನೀಲ್‌ನ ಮತ್ತೊಂದು ಪ್ರಭೇದ ಬಂದ ಮೇಲೆಯೇ, ಕೆಲವೇ ವರ್ಷಗಳಲ್ಲಿ, ಆ ಕಳ್ಳಿಯ ಪೊದೆಗಳು ಬಿಳಿ ಅರಳೆ ಮೆತ್ತಿದಂತಾಗಿ ಕುಸಿದವು. ಆ ಬಿಳಿ ಅರಳೆಯನ್ನು ಬೆರಳಲ್ಲಿ ಹೊಸಕಿದರೆ ರಕ್ತದಂಥ ಕೆಂಪು ಮೂಡುತ್ತದೆ. ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಹುಳುಗಳು, ಒಂದೇ ಹೆಸರಿನ ಎರಡು ಕಳ್ಳಿಗಳು; ಪ್ರಭೇದದ ಗುರುತು ಪಂಡಿತರ ಚರ್ಚೆಗಷ್ಟೇ ಬೇಕಾದ ವಿಷಯವಲ್ಲವೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಘಟನೆ ಸಿಗುವುದು ವಿರಳ. ಈಗ ಪುಣೆ ಬಳಿಯ ಬೈಫ್‌ನಂಥ ಗ್ರಾಮಾಭಿವೃದ್ಧಿ ಸಂಸ್ಥೆಗಳು ಮುಳ್ಳಿಲ್ಲದ ಪಾಪಾಸುಕಳ್ಳಿಯನ್ನು ಬರಗಾಲದ ಮೇವಾಗಿ ರೈತರಿಗೆ ಪರಿಚಯಿಸುತ್ತಿವೆ. 11ರ ವರ್ಣತಂತು ಕಟ್ಟು ಎಂಟು ಪಟ್ಟಾಗಿ 88 ಆಗಿರುವ ಪ್ರಭೇದವದು, ಹಬ್ಬುವುದೂ ಪಟ್ಟಿ ನೆಟ್ಟೇ. ಆದ್ದರಿಂದ ಒಂದೇ ತದ್ರೂಪಿಯನ್ನು ಜಿಲ್ಲೆ ತುಂಬ ಹಂಚದೆ ಹಲವು ತಳಿಗಳನ್ನು ಬೆರೆಸಿ ನೆಡುವ ಎಚ್ಚರ ಇಲ್ಲಿ ಬೇಕೇ ಬೇಕು.

ಗಡಿಭಾಗದ ರಸಭರಿತ ಗಿಡಗಳ ಇನ್ನೊಂದು ಪಂಗಡ ಬೀಜದಿಂದ ಬಾಳುವ ಮಂಗನಕೋಡು, ಸಿರೊಪೀಜಿಯಾಗಳದು. ಕೊಗನೊಳ್ಳಿಯ ಪಶ್ಚಿಮಕ್ಕೆ ರಾಧಾನಗರಿಯ ಘಟ್ಟಗಳಲ್ಲಿ ಮಳೆ ಸಾವಿರಾರು ಮಿಲಿಮೀಟರ್ ಸುರಿದರೆ ಪೂರ್ವಕ್ಕೆ ಅಥಣಿಯಲ್ಲಿ ಐದಾರು ನೂರಕ್ಕೆ ಇಳಿಯುತ್ತದೆ. ನಡುವಣ ನಿಪ್ಪಾಣಿ, ಚಿಕ್ಕೋಡಿ, ರಾಯಬಾಗಗಳ ಕಪ್ಪುನೆಲವೆಲ್ಲ ಕಬ್ಬು, ತಂಬಾಕು, ಸೋಯಾಬೀನಿಗೆ ಹೋದ ಮೇಲೆ ಕಾಡು ರಸಭರಿತ ಗಿಡಗಳಿಗೆ ಉಳಿದದ್ದು ನೇಗಿಲು ಹೂಡಲಾಗದ ಮಡ್ಡಿ ಮತ್ತು ಬಂಡೆಯ ಚೂರುಗಳು. ಪಾಳುಭೂಮಿಯೆಂದು ದಾಖಲೆಯಲ್ಲಿ ನಮೂದಾಗುವುದೂ, ಜಲ್ಲಿಗಾಗಿ ಮೊದಲು ಒಡೆಯಲಾಗುವುದೂ ಅವೇ. ಒಂದು ಬಂಡೆಯಿಂದ ಇನ್ನೊಂದಕ್ಕೆ ಈ ಗಿಡಗಳ ವಂಶವಾಹಿಗಳನ್ನು ಒಯ್ಯಲು ಎರಡೇ ವಾಹನಗಳಿವೆ. ಒಂದು, ಎಕ್ಕದ ಬೀಜದಂತೆ ರೇಷ್ಮೆಕುಚ್ಚು ಕಟ್ಟಿಕೊಂಡು ಗಾಳಿಯಲ್ಲಿ ತೇಲುವ ಬೀಜ. ಇನ್ನೊಂದು ಸಾಸಿವೆಕಾಳಿಗಿಂತ ತುಸು ದೊಡ್ಡದಾದ ನೊಣ. ಸಿರೊಪೀಜಿಯಾ ಹೂವಿನ ವಾಸನೆಗೆ ಮರುಳಾಗಿ ಬಂದ ನೊಣ ಕೊಳವೆಯ ನುಣುಪು ಗೋಡೆಯಲ್ಲಿ ಜಾರಿ ಒಳಗೆ ಬೀಳುತ್ತದೆ. ಕೆಳಮುಖವಾಗಿ ನಿಂತ ಕೂದಲುಗಳು ಅದನ್ನು ಮೇಲೆ ಹತ್ತಲು ಬಿಡುವುದಿಲ್ಲ. ತಳದ ಉಬ್ಬಿದ ಕೋಣೆಯಲ್ಲಿ ಒಂದು ದಿನದ ಮಟ್ಟಿಗೆ ತಿರುಗಾಡುವಷ್ಟರಲ್ಲಿ, ಪರಾಗದ ಜೋಡಿಗಂಟೊಂದು ಅದರ ಬಾಯಿಯ ಕೊಳವೆಗೆ ಸಿಕ್ಕಿಕೊಳ್ಳುತ್ತದೆ. ಮರುದಿನ ಕೂದಲುಗಳು ಬಾಡಿ, ಹೂವೇ ಓರೆಯಾಗಿ ಬಾಗಿದಾಗ, ನೊಣ ತೆವಳಿ ಹೊರಬಂದು, ಹೊತ್ತ ಗಂಟಿನೊಡನೆ ಹತ್ತಿರದ ಇನ್ನೊಂದು ಕಂದೀಲನ್ನು ಹುಡುಕುತ್ತ ಹಾರುತ್ತದೆ.